ನೀರಿನ ಕೋಣೆಗೆ ಕಿಟಕಿ ಇಟ್ಟದ್ದು

ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ನಮ್ಮ ಅತ್ತೆಯ ಕಾಲಿನಿಂದ ಹುಳ ಹೊರಗೆ ಬರುವುದನ್ನು ನೋಡಿದೆ. ಎಂಬತ್ತರ ದಶಕದ ಆರಂಭ. ನನ್ನ ತವರು ನಿಪ್ಪಾಣಿ, ಅಲ್ಲಿ ಮನೆಯೊಳಗೇ ನಳವಿತ್ತು. ಗಂಡನ ಮನೆ ರಾಯಬಾಗದ ಕಡೆಯ ಹಳ್ಳಿ, ಅಲ್ಲಿ ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಹೆಂಗಸರು ಮೊಣಕಾಲ ಮಟ ನೀರಿಗಿಳಿದು ಕೊಡ ತುಂಬಿಕೊಂಡು ಬರುತ್ತಿದ್ದರು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಪಾದದ ಗಂಟಿನ ಹತ್ತಿರ ಒಂದು ಹುಣ್ಣು, ಅದರ ಬಾಯಿಂದ ಬಿಳಿ ನೂಲಿನಂಥದ್ದೇನೋ ಹೊರಗೆ ಇಣುಕಿತ್ತು. ಅದನ್ನು ಕಡ್ಡಿಗೆ ಸುತ್ತಿ, ಹರಿಯದಂತೆ ದಿನಾ ಇಷ್ಟಿಷ್ಟೇ ಎಳೆಯುತ್ತಿದ್ದರು.

“ನಾರುಹುಣ್ಣವ್ವಾ,” ಅಂದರು, ನನ್ನ ಮುಖ ನೋಡಿ. “ಬಾವ್ಯಾಗಿನ ನೀರ ಕುಡದವರಿಗೆಲ್ಲಾ ಬರತೈತಿ. ನೀ ನೀರ ಅರಿವ್ಯಾಗ ಸೋಸಿ ಕುಡಿ.”

ಆ ಕಾಲು ಆಮೇಲೆ ನೆಟ್ಟಗಾಗಲೇ ಇಲ್ಲ. ಅದೇ ಬಾವಿಯ ನೀರು ನಾನು ಬರುವ ಎಷ್ಟೋ ವರ್ಷ ಮೊದಲು, ಒಂದು ಮಳೆಗಾಲದ ವಾಂತಿಭೇದಿಯಲ್ಲಿ, ಅವರ ಚಿಕ್ಕ ಮಗಳನ್ನೂ ಕರೆದುಕೊಂಡು ಹೋಗಿತ್ತು. ಆ ಮಾತನ್ನು ನನಗೆ ಹೇಳಿದವರು ನಮ್ಮ ಯಜಮಾನರು. ಅತ್ತೆ ಎಂದೂ ಹೇಳಿರಲಿಲ್ಲ.

ಹೀಗಾಗಿ ಮಾವ ಹಿತ್ತಲಲ್ಲಿ ಬೋರು ಹೊಡೆಸಿದಾಗ ಮನೆಯಲ್ಲಿ ಹಬ್ಬದ ಸಡಗರ. ಮಷಿನ್ನು ಮೊದಲು ಕರಿಕಲ್ಲು ಕೊರೆಯಿತು. ಅಂಗಳವೆಲ್ಲ ಬೂದಿ ಬಣ್ಣದ ಹುಡಿ. ಬಹಳ ಆಳಕ್ಕೆ ಹೋದ ಮೇಲೆ ಹುಡಿಯ ಬಣ್ಣ ಬದಲಾಯಿತು, ಕೆಂಪು ಬೆರೆತ ಹುಡಿ ಚಿಮ್ಮತೊಡಗಿತು. ಕೊರೆಯುವವರೇ ಒಂದು ಗಳಿಗೆ ಕೈ ನಿಲ್ಲಿಸಿ ನೋಡಿದರು. ಈ ಸುತ್ತಿನಲ್ಲಿ ಇಂಥ ಕಲ್ಲು ಅಷ್ಟಾಗಿ ಹತ್ತುವುದಿಲ್ಲ ಅಂದರು. ಅತ್ತೆ ಆ ಹುಡಿಯನ್ನು ಒಂದು ಚಿಟಿಕೆ ತಂದು ದೇವರ ಜಗಲಿಯ ಮೇಲಿಟ್ಟರು. ಕುಂಕುಮದ ಪಕ್ಕದಲ್ಲಿ ಅದೂ ಕುಂಕುಮದಂತೆಯೇ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ನೀರು ಬಂತು.

ಬೋರಿನ ಸುತ್ತ ಮಾವ ದಪ್ಪ ಕಲ್ಲಿನ ಕೋಣೆ ಕಟ್ಟಿಸಿದರು. ಒಳಗೇ ನೀರು ತುಂಬುವ ಟಾಕಿ. ಧೂಳು ಬೀಳಬಾರದು, ಬಿಸಿಲು ತಾಗಬಾರದು, ಹುಳಹುಪ್ಪಡಿ ಸೇರಬಾರದು ಎಂದು ಕಿಟಕಿ ಇಡಿಸಲಿಲ್ಲ. ಒಂದೇ ಬಾಗಿಲು, ಅದೂ ಬಗ್ಗಿ ಒಳಗೆ ಹೋಗುವಂಥದ್ದು. ಪಂಪು ಚಾಲೂ ಮಾಡಿದರೆ ಕತ್ತಲಲ್ಲಿ ನೀರು ಧೋ ಎಂದು ಟಾಕಿಗೆ ಬೀಳುತ್ತಿತ್ತು. ಆ ನೀರನ್ನು ತಂಬಿಗೆಯಲ್ಲಿ ಹಿಡಿದರೆ ಮೊದಲು ಹಾಲಿನಂತೆ ಬೆಳ್ಳಗೆ. ಕಿವಿಯ ಹತ್ತಿರ ಹಿಡಿದರೆ ಸಣ್ಣಗೆ ಚುಸ್ ಎನ್ನುವ ಸದ್ದು. ನೋಡುತ್ತಿದ್ದಂತೆ ಬಿಳುಪು ತಳದಿಂದ ಮೇಲೆ ಏರುತ್ತ ಹೋಗಿ, ಕೊನೆಗೆ ಕನ್ನಡಿಯಂಥ ನೀರು ಉಳಿಯುತ್ತಿತ್ತು. ಓಣಿಯ ಹೆಂಗಸರೆಲ್ಲ ನಮ್ಮಲ್ಲಿಗೇ ಕೊಡ ತಂದರು. ಮರುವರ್ಷದಿಂದ ನಮ್ಮ ಓಣಿಯಲ್ಲಿ ಯಾರ ಕಾಲಲ್ಲೂ ನಾರುಹುಣ್ಣು ಕಾಣಲಿಲ್ಲ.

ಆದರೆ ನನಗೆ ಆ ಕೋಣೆ ಹಿಡಿಸುತ್ತಿರಲಿಲ್ಲ. ಪಂಪು ನಿಂತಿದ್ದಾಗಲೂ ಅದು ಸುಮ್ಮನಿರುತ್ತಿರಲಿಲ್ಲ. ಬೋರಿನ ಪೈಪಿನ ಬಾಯಿಗೂ ಅದರ ಮುಚ್ಚಳಕ್ಕೂ ನಡುವೆ ಒಂದು ಸಂದಿತ್ತು. ಹೊತ್ತು ಏರಿದಂತೆ ಆ ಸಂದಿಯಿಂದ ತಣ್ಣನೆಯ ಗಾಳಿ ಹೊರಗೆ ಬರುತ್ತಿತ್ತು, ಮಧ್ಯಾಹ್ನ ಇನ್ನೂ ಜೋರು. ಸಂಜೆಯಾದರೆ ಅದೇ ಸಂದಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮೊದಲ ಸಲ ನಾನು ಹೆದರಿ ಹೊರಗೆ ಓಡಿ ಬಂದಾಗ ಅತ್ತೆ ನಕ್ಕು ನನ್ನ ಕೈಹಿಡಿದು ಒಳಗೆ ಕರೆದೊಯ್ದರು. ಒಂದು ಬೇವಿನ ಎಲೆಯನ್ನು ಸಂದಿಯ ಮೇಲಿಟ್ಟರು. ಎಲೆ ನಡುಗಿತು, ಎದ್ದಿತು, ಪಕ್ಕಕ್ಕೆ ಬಿತ್ತು.

“ನೋಡಿದಿ? ಭೂಮಿ ಉಸಿರಾಡ್ತೈತಿ ಅಷ್ಟ. ಅಂಜಬ್ಯಾಡ.”

ಬೇಸಿಗೆ ಬಂದರೆ ಆ ಕೋಣೆಯಷ್ಟು ತಂಪಾದ ಜಾಗ ಊರಲ್ಲೇ ಇರಲಿಲ್ಲ. ಅತ್ತೆ ತಮ್ಮ ಹೊರಸನ್ನು ಅಲ್ಲಿಗೆ ಸಾಗಿಸಿದರು. ಬರಬರುತ್ತ ಮಳೆಗಾಲ, ಚಳಿಗಾಲದಲ್ಲೂ ಅಲ್ಲೇ ಮಲಗಿದರು. ಊಟವಾದ ಮೇಲೆ ಮಾವನೂ ಟಾಕಿಯ ಕಟ್ಟೆಗೆ ಒರಗಿ ಬೀಡಿ ಸೇದುತ್ತ ಅಲ್ಲೇ ಹೊತ್ತು ಕಳೆಯುತ್ತಿದ್ದರು. ನನ್ನ ತವರಿನಿಂದ ಬರುವವರು ನಿಪ್ಪಾಣಿಯ ಬೀಡಿ ಕಟ್ಟು ತರದಿದ್ದರೆ ಅವರಿಗೆ ಸಿಟ್ಟು.

ಒಂದು ಮಧ್ಯಾಹ್ನ ಮಾವ ಚಿಕ್ಕೋಡಿಗೆ ಹೋಗಿದ್ದರು. ನಾನು ಕೊಡ ಹಿಡಿದು ಬಾಗಿಲ ಹತ್ತಿರ ಬಗ್ಗಿದೆ. ಒಳಗೆ ಅತ್ತೆ ಮಾತಾಡುತ್ತಿದ್ದರು. ದನಿ ತೀರ ಮೆತ್ತಗಿತ್ತು, ಮಗುವನ್ನು ಮಲಗಿಸುವಾಗಿನ ದನಿ.

“ಇವತ್ತ ಹೋಳಿಗಿ ಮಾಡಿದ್ವಿ. ನಿನಗ ಕಡ್ಲಿಬ್ಯಾಳಿ ಹೂರಣ ಸೇರತಿತ್ತಲ್ಲಾ... ಎಲ್ಲಾ ಆರಾಮ ಐತಿ. ಹ್ಞೂಂ. ನೀ ಮಲ್ಕೋ.”

ಪೈಪಿನ ಕಡೆ ಕಿವಿ ಕೊಟ್ಟರು. ಪೈಪಿನ ಸಂದಿಯಿಂದ ಉದ್ದನೆಯ ಒಂದು ಉಸಿರು ಬಂತು. ಅತ್ತೆ ತಲೆಯಾಡಿಸಿ, ಯಾರದೋ ಮಾತಿಗೆ ಒಪ್ಪಿಕೊಂಡವರಂತೆ ಮತ್ತೆ “ಹ್ಞೂಂ” ಅಂದರು. ಖಾಲಿ ಕೊಡದೊಂದಿಗೆ ಹಿಂದಕ್ಕೆ ಸರಿದು ಅಡುಗೆಮನೆಗೆ ಬಂದು ಕೂತೆ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನೆಂದು?

ಹೀಗೆ ಕೆಲವು ವರ್ಷ ಕಳೆದವು. ತೊಂಬತ್ತರ ದಶಕ ಶುರುವಾಗಿತ್ತು. ನನ್ನ ತಮ್ಮ ಕೊಲ್ಹಾಪುರದಲ್ಲಿ ಭೌತಶಾಸ್ತ್ರ ಓದಿ ಅಲ್ಲೇ ಸಂಶೋಧನೆ ಮಾಡುತ್ತಿದ್ದ. ಬೇಸಿಗೆ ರಜೆಯಲ್ಲಿ ನಮ್ಮಲ್ಲಿಗೆ ಬಂದವನು, ತಂಬಿಗೆಯ ನೀರು ಬೆಳ್ಳಗಿದ್ದು ತಿಳಿಯಾಗುವುದನ್ನು ಬಹಳ ಹೊತ್ತು ನೋಡಿದ. ಹಿತ್ತಲಲ್ಲಿ ಇನ್ನೂ ಬಿದ್ದಿದ್ದ ಕೆಂಪು ಹುಡಿಯ ಗುಡ್ಡೆಯನ್ನು ಕೆದಕಿದ. ಕೋಣೆಯೊಳಗೆ ಹೋಗಿ ಬಂದು, “ಅಕ್ಕಾ, ಈ ಖೋಲಿಗಿ ಒಂದೂ ಕಿಡಕಿ ಇಲ್ಲೇನು?” ಎಂದು ಕೇಳಿದ.

ಅವನು ಹೊರಡುವ ಮುಂಚೆ ಮೂರು ಪ್ಲಾಸ್ಟಿಕ್ ಕಪ್ಪುಗಳನ್ನು ದಾರದಲ್ಲಿ ಬೋರಲಾಗಿ ತೂಗುಹಾಕಿದ. ಪ್ರತಿಯೊಂದರ ತಳಕ್ಕೆ ಉಗುರಿನಷ್ಟು ಕೆಂಪು ಫಿಲ್ಮಿನ ತುಂಡು ಅಂಟಿಸಿದ್ದ. ಒಂದು ಅಂಗಳದ ಬೇವಿನ ಮರಕ್ಕೆ, ಒಂದು ನನ್ನ ಅಡುಗೆಮನೆಗೆ, ಇನ್ನೊಂದು ನೀರಿನ ಕೋಣೆಯಲ್ಲಿ ಅತ್ತೆಯ ಹೊರಸಿನ ನೇರ ಮೇಲಕ್ಕೆ.

ಮಾವ ನಕ್ಕರು. “ಏನ್ರಿ ಪಾವ್ಣ್ಯಾರ, ನಮ್ಮ ನೀರಿಗಿ ತಾಯ್ತ ಕಟ್ಟಾಕತ್ತೀರಿ?”

“ತಾಯ್ತ ಅಲ್ರಿ ಮಾವಾರ. ಇಲ್ಲಿ ಏನರ ಐತ್ಯೋ ಇಲ್ಲೋ ಅದು ಹೇಳತೈತಿ.”

“ಯಾರ ಅದಾರಂತ?” ಅತ್ತೆ ಥಟ್ಟನೆ ಕೇಳಿದರು. ಅವರ ದನಿಯಲ್ಲಿ ನಗೆಯಿರಲಿಲ್ಲ. ತಮ್ಮ ದಾರದ ಗಂಟನ್ನು ಇನ್ನೊಮ್ಮೆ ಬಿಗಿದ.

ಮಳೆಗಾಲವಿಡೀ ಆ ಪ್ಲಾಸ್ಟಿಕ್ ಕಪ್ಪು ಅತ್ತೆಯ ಹೊರಸಿನ ಮೇಲೆ ತೂಗುತ್ತಿತ್ತು. ಗಾಳಿಯಾಡದ ಕೋಣೆ, ಆದರೂ ಹೊತ್ತೇರಿದಾಗ ಅದು ಮೆಲ್ಲಗೆ ತಿರುಗುತ್ತಿತ್ತು, ಸಂಜೆಗೆ ತಿರುಗುಮುರುಗು. ನೀರಿಗೆ ಹೋದಾಗಲೆಲ್ಲ ನನ್ನ ಕಣ್ಣು ಅದರ ಮೇಲೆಯೇ.

ತಮ್ಮ ಬಂದು ಕಪ್ಪುಗಳನ್ನು ಬಿಚ್ಚಿಕೊಂಡು ಹೋದ. ದೀಪಾವಳಿಯ ಸೀರೆಗೆಂದು ಕೊಲ್ಹಾಪುರಕ್ಕೆ ಹೋದ ನನ್ನನ್ನು ತನ್ನ ಪ್ರಯೋಗಶಾಲೆಗೆ ಕರೆದೊಯ್ದ. ಫಿಲ್ಮುಗಳನ್ನು ಔಷಧದಲ್ಲಿ ತೊಳೆದು ಒಣಗಿಸಿಟ್ಟಿದ್ದ. ಸೂಕ್ಷ್ಮದರ್ಶಕದೊಳಗೆ ಮೊದಲು ಬೇವಿನ ಮರದ್ದನ್ನು ಇಟ್ಟ. ಕೆಂಪು ಬಯಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ಸೂಜಿ ಚುಚ್ಚಿದಂಥ ತೂತು. ಅಡುಗೆಮನೆಯದರಲ್ಲಿ ತೂತುಗಳು ಸ್ವಲ್ಪ ಹೆಚ್ಚು. ಮೂರನೆಯದನ್ನು ಇಟ್ಟಾಗ ನಾನು ಮುಖ ಹಿಂದಕ್ಕೆ ತೆಗೆದೆ. ಸಿಡುಬು ಎದ್ದ ಮೈಯಂತಿತ್ತು ಅದು. ಒಂದರ ಮೇಲೊಂದು ತೂತು. ಕೆಂಪೆನ್ನುವುದು ಹೆಸರಿಗಷ್ಟೇ ಉಳಿದಿತ್ತು.

“ಇದು ಅತ್ತಿಯವರ ಹೊರಸಿನ ಮ್ಯಾಲಿಂದು,” ಅಂದ ತಮ್ಮ.

ಆಮೇಲೆ ಬಿಡಿಸಿ ಹೇಳಿದ. ಆಳದ ಆ ಕೆಂಪು ಕಲ್ಲಿನೊಳಗಿಂದ ರೇಡಾನ್ ಎಂಬ ಗ್ಯಾಸು ಹುಟ್ಟಿ ನೀರಿನಲ್ಲಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಂಬಿಗೆಯಲ್ಲಿ ಬೆಳ್ಳಗೆ ಕಾಣುವುದು ಬರೀ ಗಾಳಿಯ ಗುಳ್ಳೆ, ಇದು ಕಾಣುವುದೇ ಇಲ್ಲ. ನೀರು ಧುಮುಕಿದಾಗ ನೀರನ್ನು ಬಿಟ್ಟು ಹೊರಗೆ ಬರುತ್ತದೆ. ಬೋರಿನ ಬಾಯಿಂದಲೂ ಬರುತ್ತದೆ. ಬಯಲಲ್ಲಾದರೆ ಗಾಳಿಗೆ ಹಾರಿ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅಲ್ಲೇ ನಿಲ್ಲುತ್ತದೆ, ಅದರ ಪೆಟ್ಟಿಗೇ ಫಿಲ್ಮಿನಲ್ಲಿ ಈ ತೂತು.

“ಹಂಗಾದ್ರ ಈ ನೀರ ಕುಡೀಬಾರ್ದೇನು?”

“ಕುಡದ್ರ ಆಗೂ ತ್ರಾಸ ಭಾಳ ಕಡಿಮಿ ಅಕ್ಕಾ. ಉಸಿರಿನ್ಯಾಗ ಹೋಗೂದ ಖರೇ ಕಾಟ. ಈ ಫಿಲ್ಮಿಗಿ ಬಿದ್ದಂಗ ಎದಿಯೊಳಗಿನ ಪುಪ್ಪುಸಕ್ಕ ಪೆಟ್ಟ ಬೀಳ್ತಾವ. ವರ್ಷಾನಗಟ್ಟಲೆ ಬಿದ್ರ ಕ್ಯಾನ್ಸರ್ ಆಗಬಹುದು. ಬೀಡಿ ಸೇದವರಿಗೆ ಅಂಜಿಕಿ ಇನ್ನೂ ಹೆಚ್ಚ.”

“ಯಾರಿಗೆ ಆಕ್ಕೈತಿ?”

“ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ. ಮಂದ್ಯಾಗ ಇಷ್ಟ ಮಂದಿಗೆ ಅಂತ ಲೆಕ್ಕಾ ಹಾಕಬಹುದು. ಇವರಿಗೆ ಅಂತ ಬಟ್ಟ ಮಾಡಿ ತೋರಸಾಕ ಆಗಂಗಿಲ್ಲ.”

ಬಸ್ಸಿನಲ್ಲಿ ವಾಪಸಾಗುವಾಗ ನನಗೆ ಸೀರೆಯ ಗಂಟಿನ ನೆನಪೇ ಇರಲಿಲ್ಲ. ನಾನೂ ದಿನಾ ಆ ಕೋಣೆಗೆ ಹೋಗುತ್ತಿದ್ದೆ. ಮಕ್ಕಳನ್ನು ಅಲ್ಲಿ ಮಲಗಿಸಿದ ಮಧ್ಯಾಹ್ನಗಳಿದ್ದವು.

ಮುಂದಿನ ರವಿವಾರ ತಮ್ಮ ಬಂದ. ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಅವನು ಹೇಳಿದ್ದನ್ನು ಮಾವ ಗಮನವಿಟ್ಟೇ ಕೇಳಿದರು.

“ಬೋರ್ ಮುಚ್ಚಬೇಕೇನು ಹಂಗಾದ್ರ?” ಅಂದರು.

ಅತ್ತೆ ಸೀರೆಯನ್ನು ಪಾದದಿಂದ ಸ್ವಲ್ಪ ಮೇಲೆ ಸರಿಸಿ ಆ ಸೊಟ್ಟ ಕಾಲನ್ನು ಎಲ್ಲರ ಮುಂದೆ ಚಾಚಿದರು. “ಮತ್ತ ಆ ಬಾವಿಗಿ ಹೋಗೂನೇನ? ಆ ನೀರ ಏನ ಮಾಡೇತಂತ ಕಣ್ಣಿಗಿ ಕಾಣತೈತಿ. ಈ ನೀರ ಏನ ಮಾಡೇತಿ, ತೋರ್ಸು.”

ತಮ್ಮನ ಹತ್ತಿರ ತೋರಿಸಲು ಆ ಕೆಂಪು ಚೂರು ಬಿಟ್ಟು ಬೇರೇನೂ ಇರಲಿಲ್ಲ. “ಬೋರ್ ಮುಚ್ಚಬ್ಯಾಡ್ರಿ,” ಎಂದು ಅವನೇ ಒಪ್ಪಿಕೊಂಡ. “ಬಾವಿಗಿಂತ ಇದ ಎಷ್ಟೋ ಪಾಡ, ಚಲೋ. ನೀರಿನ್ಯಾಗಿಂದ ಈ ಗ್ಯಾಸ ತಗಿಯೂ ಮಷಿನ್ ಅದಾವು, ಆದ್ರ ಅವಕ್ಕ ದಿನಾ ಕರೆಂಟ್ ಬೇಕು. ನಮ್ಮಲ್ಲಿ ಕರೆಂಟ ಎಲ್ಲಿ ನಿಲ್ಲತೈತ್ರಿ? ಟಾಕಿ ಹೊರಗ ಹಾಕೂನು, ನೀರ ಕಲ್ಲಿನ ಮ್ಯಾಲ ಬಯಲಾಗ ಬೀಳ್ಲಿ. ಖೋಲಿ ಗ್ವಾಡಿ ಒಡದು ಎದುರಾಬದುರಾ ದೊಡ್ಡ ಕಿಡಕಿ ಇಡೂನು. ಅಷ್ಟಾದ್ರ ಸಾಕು.”

ನಾನು ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದೆ. ಹಿತ್ತಲಲ್ಲಿ ಆಗಲೇ ಇಟ್ಟಂಗಿ, ಸಿಮೆಂಟು ತಂದು ಪೇರಿಸಿದ್ದರು. ಅದು ಸಂಡಾಸ ಕಟ್ಟುವುದಕ್ಕೆ. ಆ ಸಂಡಾಸಕ್ಕಾಗಿ ನಾನು ವರ್ಷಗಳಿಂದ ಬಾಯಿ ನೋಯುವಷ್ಟು ಹೇಳಿದ್ದೆ. ಹೆಂಗಸರು ನಸುಕಿನಲ್ಲಿ ಕಬ್ಬಿನ ಹೊಲದ ಬದುವಿಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಅಲ್ಲಿ ಹಾವು. ಕೈಯಲ್ಲಿದ್ದ ಹಣದಲ್ಲಿ ಆ ವರ್ಷ ಎರಡೂ ಕೆಲಸ ಆಗುವಂತಿರಲಿಲ್ಲ.

“ನೀನ ಹೇಳು,” ಎಂದು ತಮ್ಮನನ್ನು ಎಲ್ಲರೆದುರೇ ಕೇಳಿದೆ. “ಸಂಡಾಸ ಕಟ್ಟಿದ್ರ ಮನಿ ಮಂದಿಗೆ ಹೆಚ್ಚ ಪಾಡೋ, ಈ ಗ್ವಾಡಿ ಒಡದ್ರ ಪಾಡೋ?”

ಅವನು ಸುಳ್ಳು ಹೇಳುವವನಲ್ಲ. “ಸಂಡಾಸನ ಹೆಚ್ಚ ಪಾಡ ಇರಬಹುದಕ್ಕಾ. ಸಣ್ಣ ಮಕ್ಕಳಿರೂ ಮನಿ ಇದು.” ಆಮೇಲೆ ಮಾವನ ಕಡೆ ತಿರುಗಿದ. “ಆದ್ರ ಎರಡು ಕೆಲಸ ಅದಾವು, ಅವಕ್ಕ ಇಟ್ಟಂಗಿ ಬ್ಯಾಡ, ಸಿಮೆಂಟ ಬ್ಯಾಡ. ಮಾವಾರು ಬೀಡಿ ಬಿಡ್ಲಿ. ಅತ್ತಿಯವರ ಹೊರಸು ಖೋಲಿ ಬಿಟ್ಟು ಪಡಸಾಲಿಗಿ ಬರ್ಲಿ. ಅರ್ಧಾಕ್ಕಿಂತ ಹೆಚ್ಚ ಅಂಜಿಕಿ ಅಲ್ಲೇ ಹೋತು. ಕಿಡಕಿ ಮುಂದಿನ ವರ್ಷ ಇಟ್ಟರೂ ನಡೀತೈತಿ.”

ಎಷ್ಟು ಸಸ್ತಾ ಅನ್ನಿಸಿತು! ನಾನು ಉಸಿರು ಬಿಟ್ಟೆ.

ಮಾವ ಕೈಯಲ್ಲಿದ್ದ ಬೀಡಿಯನ್ನು ತಿರುಗಿಸಿ ನೋಡಿದರು. “ಬಿಡಬಹುದು. ಬಿಡೂನು, ನೋಡೂನು,” ಅಂದರು. ಬಿಡುವವರಲ್ಲ ಎಂದು ಆ ದನಿ ಕೇಳಿದರೇ ಗೊತ್ತಾಗುತ್ತಿತ್ತು. ಅತ್ತೆ ಎದ್ದು ಕುಂಟುತ್ತ ಹೋಗಿ ನೀರಿನ ಕೋಣೆಯ ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ನಾನೊಬ್ಬಳೇ ಒಳಗೆ ಹೋದೆ. ಅವರು ಹೊರಸಿನ ಮೇಲೆ ಕೂತಿದ್ದರು. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ.

“ಅತ್ತಿಯವರ, ಪಡಸಾಲ್ಯಾಗೂ ಗಾಳಿ ಬರತೈತ್ರಿ. ಅಲ್ಲೇ ಮಲಗ್ರಿ.”

“ನಾ ಹ್ವಾದ್ರ ಅಕಿ ಒಬ್ಬಾಕಿ ಆಕ್ಕಾಳ.”

ಅವರೇ ಹೇಳಿದರು. ಬೋರು ಹೊಡೆಸಿದ ಹೊಸತರಲ್ಲಿ, ಒಂದು ಮಧ್ಯಾಹ್ನ ಒಬ್ಬರೇ ಇದ್ದಾಗ, ಆ ಉಸಿರು ಕೇಳಿದರಂತೆ. ಜ್ವರ ಬಂದ ಮಗುವಿನ ಉಸಿರು. ಸಾಯುವ ದಿನ ಮಗಳು ಇವರ ತೊಡೆಯ ಮೇಲೆ ಹಾಗೆಯೇ ಉಸಿರಾಡಿದ್ದಳಂತೆ. ನೀರು ನೀರು ಅಂದಳಂತೆ. ಬಾವಿಯ ನೀರೇ ಕುಡಿಸಿದ್ದರು, ಬೇರೆ ನೀರು ಇರಲಿಲ್ಲ.

“ಈಗ ಒಳ್ಳೆ ನೀರಿನ್ಯಾಗ ಅದಾಳ. ತಂಪ ಅದಾಳ,” ಅಂದರು. ಅದೇ ಗಳಿಗೆಗೆ ಸಂದಿಯಿಂದ ಗಾಳಿ ಬಂದು ನನ್ನ ಕೊರಳಿಗೆ ತಾಗಿತು. ನನಗೆ ಎಲ್ಲ ತಿಳಿದಿತ್ತು. ತಮ್ಮ ಹೇಳಿದ್ದ: ಹೊರಗಿನ ಹವೆಯ ಒತ್ತಡ ದಿನದಲ್ಲಿ ಇಳಿದೇರುತ್ತದೆ, ಆಳದ ಗಾಳಿ ಅದಕ್ಕೆ ತಕ್ಕಂತೆ ಆಡುತ್ತದೆ. ತಿಳಿದಿದ್ದೂ ಅಲ್ಲಿ ಕೂತಿರಲು ಆಗಲಿಲ್ಲ.

ಪುಕ್ಕಟೆಯ ಆ ಎರಡು ಕೆಲಸಗಳೇ ನಮ್ಮ ಕೈಗೆ ನಿಲುಕಲಿಲ್ಲ. ಮಾವ ಬೀಡಿ ಬಿಡಲಿಲ್ಲ, ಕೆಮ್ಮು ಹೆಚ್ಚಿತು. ಅತ್ತೆ ಹೊರಸು ಕದಲಿಸಲಿಲ್ಲ. ಹಾಗಾದರೆ ಗೋಡೆಯೇ ಕದಲಬೇಕು ಎಂದು ನಮ್ಮ ಯಜಮಾನರು ತೀರ್ಮಾನಿಸಿದರು. ಸಂಡಾಸದ ಇಟ್ಟಂಗಿ ಹೊಸ ಟಾಕಿಗೆ ಹೋಯಿತು. ಮೂರು ದಿನ ನಾನು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಯಾರ ಮೇಲೆ ಸಿಟ್ಟೆಂದು ನನಗೇ ಸ್ಪಷ್ಟವಿರಲಿಲ್ಲ.

ಗೌಂಡಿ ಗೋಡೆಗೆ ಮೊದಲ ಪೆಟ್ಟು ಹಾಕಿದಾಗ ಅತ್ತೆ ಒಳಗೇ ಇದ್ದರು. ಬನ್ನಿ ಎಂದರೂ ಬರಲಿಲ್ಲ. ಕಲ್ಲು ಸಡಿಲಾಗಿ ಹೊರಗೆ ಉರುಳಿತು. ತೂತಿನಿಂದ ಬಿಸಿಲು ಒಳಗೆ ಬಿತ್ತು. ಕಟ್ಟಿದಂದಿನಿಂದ ಆ ಕೋಣೆ ಬಿಸಿಲು ಕಂಡಿರಲಿಲ್ಲ. ಎದುರು ಗೋಡೆಯೂ ಒಡೆದಾಗ ಗಾಳಿ ಈ ಕಡೆಯಿಂದ ಆ ಕಡೆಗೆ ನುಗ್ಗಿತು. ಮೂಲೆಯಲ್ಲಿ ಬೀಡಿಯ ತುಂಡುಗಳ ರಾಶಿ. ಗೋಡೆಯ ಮೇಲೆ ನೀರಿನ ಕಲೆಗಳು. ಪೈಪಿನ ಪಕ್ಕದ ಗೂಡಿನಲ್ಲಿ ಒಂದು ಪುಟ್ಟ ಹಿತ್ತಾಳೆ ಬಟ್ಟಲು. ಅದರಲ್ಲಿ ಒಣಗಿ ಕಪ್ಪಾದ ಹೋಳಿಗೆಯ ಚೂರು. ಅತ್ತೆ ಕಣ್ಣು ಕಿರಿದು ಮಾಡಿ ಅವನ್ನೆಲ್ಲ ನೋಡಿದರು, ಯಾರದೋ ಮನೆಗೆ ಬಂದವರಂತೆ.

ಗೌಂಡಿ ಬುತ್ತಿ ಬಿಚ್ಚಲು ಹೊರಗೆ ಹೋದಾಗ ಅವರು ಪೈಪಿನ ಹತ್ತಿರ ಬಗ್ಗಿ ಕಿವಿಯಿಟ್ಟರು. ಹೊರಗೆ ಎತ್ತು ಕತ್ತಾಡಿಸಿದ ಗಂಟೆ, ಕಾಗೆ, ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು. ಆ ಸದ್ದುಗಳ ನಡುವೆ ಬೇರೇನೂ ಕೇಳುತ್ತಿರಲಿಲ್ಲ.

“ಇಷ್ಟ ದಿನಾ ನಾ ಯಾರ ಜೋಡಿ ಮಾತಾಡಿನವ್ವಾ?” ಎಂದು ನನ್ನನ್ನು ಕೇಳಿದರು.

ನಾನು ಅವರ ಕೈಹಿಡಿದು ಎಬ್ಬಿಸಿದೆ. ಅಂದು ಸಂಜೆ ಹೊರಸನ್ನು ಅವರೇ ಪಡಸಾಲೆಗೆ ತರಿಸಿದರು. ಎಷ್ಟೋ ದಿನ ಊಟ ಸೇರಲಿಲ್ಲ ಅವರಿಗೆ. ಒಂದು ಸಾವು ಎರಡು ಸಲ ಆದ ಮನೆಯಂತಾಗಿತ್ತು ನಮ್ಮ ಮನೆ, ಅದೂ ಎರಡನೆಯ ಸಲ ನಾವೇ ಗೌಂಡಿಯನ್ನು ಕರೆಸಿ ಮಾಡಿಸಿದ್ದು.

ನೀರು ಈಗ ಹೊರಗೆ, ಹಾಸುಗಲ್ಲುಗಳ ಮೇಲೆ ಚೆಲ್ಲಾಡಿ ಟಾಕಿಗೆ ಇಳಿಯುತ್ತಿತ್ತು. ತಮ್ಮ ಮತ್ತೆ ಕಪ್ಪು ತೂಗುಹಾಕಿ ನೋಡಿದ. ಕೋಣೆಯ ಫಿಲ್ಮು ಈ ಸಲ ಅಡುಗೆಮನೆಯದರ ಹತ್ತಿರಕ್ಕೆ ಬಂದಿತ್ತು. ಅವನಿಗೆ ಖುಷಿ. ಆದರೆ ಬಿಸಿಲಿಗೆ ನೀರು ಬೆಚ್ಚಗಾಯಿತು, ಟಾಕಿಗೆ ಪಾಚಿ ಕಟ್ಟಿತು, ಆ ಮಳೆಗಾಲ ಸೊಳ್ಳೆ ಮುತ್ತಿದವು. ನನ್ನ ಚಿಕ್ಕ ಮಗಳು ಮಲೇರಿಯಾದಿಂದ ನಡುಗುತ್ತ ಮಲಗಿದಾಗ, ಮಾವ ಟಾಕಿಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದರು. ಸೊಳ್ಳೆ ಅಲ್ಲಿಂದಲೇ ಬಂತೆಂದು ಯಾರು ಹೇಳಬೇಕು? ಟಾಕಿಗೆ ಸಣ್ಣ ಕಣ್ಣಿನ ಜಾಳಿಗೆ ಹೊದಿಸಿದೆವು. ಮಗಳು ಗುಣವಾದಳು. ಸಂಡಾಸ ಮರುವರ್ಷ ಕಟ್ಟಿದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವನ ಕೆಮ್ಮಿನಲ್ಲಿ ರಕ್ತ ಬಂತು. ಮೀರಜಕ್ಕೆ ಕರೆದೊಯ್ದೆವು. ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, “ಬೀಡಿ ಎಷ್ಟ ವರ್ಷಾತ್ರಿ?” ಎಂದು ಕೇಳಿದರು. ನಾನು ನೀರಿನ ಕೋಣೆಯ ವಿಷಯ ಹೇಳಿದೆ. ಅವರು ಎಕ್ಸರೇ ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳಿ, “ಯಾವ್ದರಿಂದ ಆತಂತ ಪುಪ್ಪುಸದ ಮ್ಯಾಲ ಬರದಿರಂಗಿಲ್ರಿ ಅಕ್ಕಾರ,” ಅಂದರು. ಮಾವ ಮುಂದಿನ ಬೇಸಿಗೆ ನೋಡಲಿಲ್ಲ.

ಕ್ರಿಯೆ ಮುಗಿದ ದಿನ ತಮ್ಮನನ್ನು ಹಿತ್ತಲಿಗೆ ಕರೆದು ಕೇಳಿದೆ: “ಕಿಡಕಿ ಮೊದಲ ಇಟ್ಟಿದ್ರ?”

“ಹೇಳಾಕ ಬರಂಗಿಲ್ಲಕ್ಕಾ.”

“ಕಿಡಕಿ ಇಟ್ಟದ್ದಕ್ಕ ಯಾರರ ಉಳದಾರೇನು?”

“ಅದೂ ಹೇಳಾಕ ಬರಂಗಿಲ್ಲ. ಉಳದವರಿಗೆ ತಾವು ಉಳದೇವಂತ ಗೊತ್ತಾಗಂಗಿಲ್ಲಲ್ಲ.”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಓಣಿಯ ದಾರಿಯಲ್ಲಿ ಹೆಂಗಸರು ಕೊಡ ಹೊತ್ತು ಹೋಗುವಾಗ, ಇವರಲ್ಲಿ ಯಾರೋ ಒಬ್ಬಳು ಆ ಗೋಡೆ ಒಡೆದದ್ದರಿಂದ ಬದುಕಿರಬಹುದು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ಬಹುಶಃ ಯಾರೂ ಇಲ್ಲ. ಬಹುಶಃ ನಾನೇ. ಎಲ್ಲರಿಗಿಂತ ಹೆಚ್ಚು ಕಾಲ ಅಲ್ಲಿ ಮಲಗಿದ ಅತ್ತೆಗೆ ಒಂದು ದಿನವೂ ಕೆಮ್ಮು ಬರಲಿಲ್ಲ. ತಮ್ಮ ಎಕ್ಸರೇ ತೆಗೆಸೋಣ ಅಂದರೆ, “ನನ್ನೊಳಗ ಇದ್ರ ಇರ್ಲಿ ಬಿಡಪ್ಪಾ, ಅದಕ್ಕೂ ಒಂದ ಜಾಗಾ ಬೇಕಲ್ಲ,” ಎಂದು ಒಲ್ಲೆ ಅಂದರು. ಪಡಸಾಲೆಯಲ್ಲೇ ಮಲಗಿ, ತುಂಬ ವಯಸ್ಸಾಗಿ, ಒಂದು ಮುಂಜಾನೆ ಚಹಾ ಕುಡಿದು ಹೋದರು.

ಆಮೇಲೊಮ್ಮೆ ನಾನೇ ಮೀರಜಕ್ಕೆ ಹೋಗಿ ಎದೆ ತೋರಿಸಿಕೊಂಡು ಬಂದೆ. ಏನೂ ಇಲ್ಲ ಅಂದರು. ಬಸ್ಸು ಕಾಗವಾಡದಲ್ಲಿ ನಿಂತಿತು. ಸುಡುಬಿಸಿಲು. ಚಹಾದಂಗಡಿಯವನು ಗ್ಲಾಸು ತುಂಬಿ ನೀರು ಕೊಟ್ಟ. ಅಂಚಿನವರೆಗೆ ತಿಳಿ ನೀರು.

“ಎಲ್ಲಿ ನೀರ್ರಿ ಇದು?”

“ಬೋರಿಂದ್ರಿ ಅಕ್ಕಾರ. ಏಕದಂ ಸ್ವಚ್ಛ. ಕುಡೀರಿ.”

ಬಾಯಾರಿಕೆಯಾಗಿತ್ತು. ಕುಡಿದೆ.